ಕಾಂಡ್ಲದ ಕಾಗದಪತ್ರ

ಮುಂಬಯಿಯಲ್ಲಿ ನಿಸರ್ಗದ ಮಾತೆತ್ತಿದರೆ ನಮ್ಮವರಿಗೆ ಮೊದಲು ಬರುವುದು ನಗೆ. ಹೊಟ್ಟೆಪಾಡಿಗೆ ಬಂದ ಊರಿನಲ್ಲಿ ನಿಸರ್ಗವೆಲ್ಲಿಯದು, ಲೋಕಲ್ ಗಾಡಿಯ ಬಾಗಿಲ ಬಳಿ ಎರಡು ಅಡಿ ಜಾಗ ಸಿಕ್ಕಿ ಮುಖಕ್ಕೆ ಗಾಳಿ ಬಡಿದರೆ ಅದೇ ನಂದನವನ, ಎನ್ನುವವರೇ ಹೆಚ್ಚು. ಮತ್ತೂ ಒತ್ತಾಯಿಸಿದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಹೆಸರು ಹೇಳುತ್ತಾರೆ. ಅಲ್ಲಿ ಚಿರತೆಯಿದೆ, ಕಾನ್ಹೇರಿಯ ಗವಿಗಳಿವೆ, ಮಕ್ಕಳು ಮರಿಗಳೊಡನೆ ಹೋಗಿ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ನಾನು ಬರೆಯಹೊರಟಿರುವುದು ಆ ಕಾಡಿನ ವಿಷಯವಲ್ಲ. ಬುತ್ತಿ ಬಿಚ್ಚಲು ಬಾರದ, ಕಾಲಿಟ್ಟರೆ ಮೊಳಕಾಲು ಹೂಳುವ, ಮಾನಖುರ್ದದಿಂದ ವಾಶಿಗೆ ಹೋಗುವಾಗ ಸೇತುವೆಯ ಎರಡೂ ಬದಿಗೆ ಕಂಡರೂ ಯಾರೂ ಮೊಬೈಲಿನಿಂದ ತಲೆಯೆತ್ತಿ ನೋಡದ ಇನ್ನೊಂದು ಕಾಡು ಈ ಊರಿಗಿದೆ. ಅದು ಖಾಡಿಯ ಕಾಡು.

ಇದಕ್ಕೆ ಮರಾಠಿಯಲ್ಲಿ ಕಾಂದಳವನ ಎನ್ನುತ್ತಾರೆ. ಈ ಹೆಸರನ್ನು ಮೊದಲ ಸಲ ಕಚೇರಿಯ ಒಂದು ಕಾಗದದಲ್ಲಿ ಓದಿದಾಗ ನನಗೆ ದೂರದ ನೆಂಟರು ರೈಲಿನಲ್ಲಿ ಎದುರಾದಂತಾಯಿತು. ಏಕೆಂದರೆ ಕುಂದಾಪುರದ ಕಡೆ ನಾವು ಇದನ್ನು ಕಾಂಡ್ಲ ಎನ್ನುತ್ತೇವೆ. ನಮ್ಮಲ್ಲಿ ಪಂಚಗಂಗಾವಳಿಯ ಹೊಳೆಬಾಯಿಯಲ್ಲಿ, ಐದು ನದಿಗಳ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಸಂಧಾನ ಮಾಡಿಕೊಳ್ಳುವಲ್ಲಿ, ಕಾಂಡ್ಲದ ಕುದ್ರುಗಳಿವೆ. ನನ್ನ ಅಜ್ಜಿಗೆ ಪರಿಸರವೆಂಬ ಶಬ್ದ ಗೊತ್ತಿದ್ದಿಲ್ಲ. ಆದರೆ ಕಟ್ಟಿಗೆಗೆಂದು ಯಾರಾದರೂ ಕತ್ತಿ ಹಿಡಿದು ಆ ಕಡೆ ಹೊರಟರೆ, "ಕಾಂಡ್ಲ ಕಡ್ದ್ರೆ ಹೊಳಿ ಮನಿಗೇ ಬತ್ತ್ ಮಗಾ" ಎಂದು ಜಗಲಿಯಿಂದಲೇ ಗದರಿಸುತ್ತಿದ್ದಳು. ಹೊಳೆ ಮನೆಗೆ ಬರುವುದೆಂದರೇನೆಂದು ನಮಗೆ ಮಕ್ಕಳಿಗೆ ತಿಳಿಯುತ್ತಿದ್ದಿಲ್ಲ. ಬಂದರೆ ಮೀನು ಹಿಡಿಯಬಹುದೆಂದು ಸಂತೋಷವೇ ಆಗುತ್ತಿತ್ತು.

ಮುಂಬಯಿಯ ಖಾಡಿಗಳಲ್ಲಿ ಹೆಚ್ಚಾಗಿರುವುದು ಮರಾಠಿಯವರು ತಿವರ ಎಂದು ಕರೆಯುವ ಜಾತಿ. ಬೂದು ಬಣ್ಣದ ಕಾಂಡ, ಅಡಿಭಾಗ ಮಾಸಲಾದ ಎಲೆ. ನೋಡಲು ಚೆಂದವೇನೂ ಇಲ್ಲ. ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪುಪ್ಪು. ಬೇರಿನಿಂದ ಒಳಗೆ ಬಂದ ಉಪ್ಪನ್ನು ಮರವು ಎಲೆಯ ಮೂಲಕ ಹೊರಗೆ ಹಾಕುತ್ತದೆ. ಕೆಸರಿನೊಳಗೆ ಗಾಳಿಯಿಲ್ಲವಾದ್ದರಿಂದ ಬೇರುಗಳು ಮೇಲಕ್ಕೆ ಕೊಂಬೆ ಕಳಿಸಿ ಉಸಿರಾಡುತ್ತವೆ. ನೀರಿಳಿದಾಗ ನೋಡಿದರೆ ಕೆಸರಿನ ತುಂಬ ಯಾರೋ ಸಾವಿರಾರು ಪೆನ್ಸಿಲುಗಳನ್ನು ನೆಟ್ಟು ಹೋದಂತೆ ಕಾಣುತ್ತದೆ. ಆ ಪೆನ್ಸಿಲುಗಳ ನಡುವೆ ಸಿಗಡಿಯ ಮರಿ, ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ನಿವಟಿ ಮೀನು. ಕೋಳಿ ಜನರ ಬುಟ್ಟಿ ತುಂಬುವುದು ಇಲ್ಲಿಂದ. ಭರತಿಯ ನೀರು ಎಷ್ಟು ರಭಸದಿಂದ ಬಂದರೂ ಈ ಬೇರುಗಳ ನಡುವೆ ಹೊಕ್ಕು ದಮ್ಮು ಕಳೆದುಕೊಂಡು, ತಾನು ತಂದ ಮಣ್ಣನ್ನು ಅಲ್ಲೇ ಇಳಿಸಿ ಹೋಗುತ್ತದೆ. ಇಷ್ಟು ಕೆಲಸ ಮಾಡುವವರಿಗೆ ನಮ್ಮ ಇಲಾಖೆಯಲ್ಲಾದರೆ ಎರಡು ಇನ್‌ಕ್ರಿಮೆಂಟು ಸಿಗಬೇಕಿತ್ತು.

ಸಿಕ್ಕಿದ್ದು ಬೇರೆ. ಮುಂಬಯಿ ಎಂಬುದೇ ನೀರನ್ನು ಹೂಳಿ ಪಡೆದ ಊರು. ಏಳು ದ್ವೀಪಗಳನ್ನು ಒಂದುಮಾಡಿದವರಿಗೆ ತಗ್ಗು ಕಂಡಲ್ಲೆಲ್ಲ ಮಣ್ಣು ಸುರಿಯುವ ಅಭ್ಯಾಸ ಬಿತ್ತು. ಆ ಅಭ್ಯಾಸ ನಮ್ಮವರೆಗೂ ಬಂತು. ಈಗ ಗಾಜಿನ ಕಟ್ಟಡಗಳು ಕಣ್ಣು ಕುಕ್ಕುವ ಬಾಂದ್ರಾ-ಕುರ್ಲಾ ಸಂಕುಲವಿರುವುದು ಮೀಠಿ ನದಿಯ ಜೌಗು ನೆಲದ ಮೇಲೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿತ್ತು. ನಾನಾಗ ಊರಿನಲ್ಲಿ ಹೈಸ್ಕೂಲು ಹುಡುಗ. ಮಳೆಯ ತವರಾದ ನಮ್ಮ ಕಡೆಯ ಹಿರಿಯರು ಕೂಡ ಆ ಅಂಕಿಯನ್ನು ರೇಡಿಯೋದಲ್ಲಿ ಕೇಳಿ ನಂಬಲಿಲ್ಲ. ಕುರ್ಲಾದಲ್ಲಿದ್ದ ನನ್ನ ಸೋದರಮಾವ ಆ ರಾತ್ರಿಯನ್ನು ಬಸ್ಸಿನ ಮಾಡಿನ ಮೇಲೆ ಕಳೆದರು. ಮೂರು ದಿನ ಸುದ್ದಿಯಿಲ್ಲದೆ ಅಜ್ಜಿ ದೇವರ ಮುಂದಿನಿಂದ ಏಳಲಿಲ್ಲ. ನಾಲ್ಕನೆಯ ದಿನ ಮಾವನ ದನಿ ಫೋನಿನಲ್ಲಿ ಕೇಳಿದ ಮೇಲೆ ಅವಳು ಆಡಿದ ಮೊದಲ ಮಾತು: "ಅಲ್ಲಿಯೂ ಕಾಂಡ್ಲ ಕಡಿದಿರಬೇಕು."

ಅವಳಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಆ ಮಳೆಗೆ ಮೊದಲೇ, 2004ರಲ್ಲಿ, ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಸಂಸ್ಥೆ ಇದೇ ಮಾತನ್ನು ಮುಂಬಯಿ ಹೈಕೋರ್ಟಿಗೆ ಅರ್ಜಿಯಾಗಿ ಕೊಟ್ಟಿತ್ತು. ಮಳೆ ನಿಂತು ಎರಡೂವರೆ ತಿಂಗಳಿಗೆ, 2005ರ ಅಕ್ಟೋಬರ್ 6ರಂದು, ಮಧ್ಯಂತರ ಆಜ್ಞೆ ಹೊರಬಿತ್ತು. ಮಹಾರಾಷ್ಟ್ರದಲ್ಲೆಲ್ಲಿಯೂ ಕಾಂಡ್ಲ ಕಡಿಯಕೂಡದು, ಅದರ ಮೇಲೆ ಕಸ-ಡೆಬ್ರಿ ಸುರಿಯಕೂಡದು, ಅದರ ಅಂಚಿನಿಂದ 50 ಮೀಟರಿನೊಳಗೆ ಕಟ್ಟಡ ಕಟ್ಟಕೂಡದು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 'ಕೂಡದು' ಎಂಬ ಫಲಕಗಳು ಮುಂಬಯಿಯಲ್ಲಿ ಉಗುಳುವವರಿಗೆ ಗುರಿ ಹಿಡಿಯಲು ಉಪಯೋಗವಾಗುತ್ತವೆ. ಆ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು. ವೃತ್ತಪತ್ರಿಕೆಗಳು ಅದನ್ನು ಅಷ್ಟಾಗಿ ಎತ್ತಿ ಹೇಳಲಿಲ್ಲ, ಕಾರಕೂನನಾದ ನನಗೆ ಮಾತ್ರ ಮೈ ಜುಮ್ಮೆಂದಿತು. ಉಪಗ್ರಹದ ಚಿತ್ರಗಳಿಂದ ಕಾಂಡ್ಲವಿರುವ ಜಾಗಗಳ ನಕಾಶೆ ತಯಾರಿಸಬೇಕು. ಅದರಲ್ಲಿ ಸರಕಾರದ ನೆಲವೆಷ್ಟಿದೆಯೋ ಅಷ್ಟನ್ನು ಸಂರಕ್ಷಿತ ಅರಣ್ಯವೆಂದು ಸಾರಬೇಕು. ಮತ್ತು ಕಂದಾಯದ ದಫ್ತರದಲ್ಲಿ ಅದನ್ನು ಹಾಗೆಂದೇ ದಾಖಲು ಮಾಡಬೇಕು. ಈ ಕಡೆಯ ವಾಕ್ಯವೇ ಜೀವಾಳ. ದಫ್ತರದಲ್ಲಿ ಹನ್ನೊಂದು ವರ್ಷ ಕುಳಿತವನು ಹೇಳುತ್ತಿದ್ದೇನೆ: ಕಾಗದದಲ್ಲಿ 'ಖಾರಿ ಪಡ', 'ಖಾಜಣ' ಎಂದು ಬರೆದಿರುವ ನೆಲವೆಂದರೆ ದಿಕ್ಕಿಲ್ಲದ ಮಗು, ಇಂದು ಇವರು, ನಾಳೆ ಅವರು ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಮರವಿದೆಯೆಂಬುದು ಕಣ್ಣಿಗೆ ಕಂಡರೂ ಸಾತ್-ಬಾರಾ ಉತಾರೆಯಲ್ಲಿ ಕಾಣದಿದ್ದರೆ ಸರಕಾರದ ಮಟ್ಟಿಗೆ ಅದು ಇಲ್ಲ. ಮರಕ್ಕೆ ನೀರು, ಬೆಳಕು, ಮಣ್ಣು ಬೇಕೆಂದು ಶಾಲೆಯಲ್ಲಿ ಕಲಿತೆವಷ್ಟೆ. ಮುಂಬಯಿಯಲ್ಲಿ ನಾಲ್ಕನೆಯದಾಗಿ ಸರ್ವೆ ನಂಬರೂ ಬೇಕು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಇದಕ್ಕಾಗಿಯೇ ಒಂದು ಪ್ರತ್ಯೇಕ ವಿಭಾಗವಾಯಿತು. ಅದರ ಹೆಸರು ಮ್ಯಾಂಗ್ರೋವ್ ಸೆಲ್. 2018ರ ಸೆಪ್ಟೆಂಬರ್ 17ರಂದು ಹೈಕೋರ್ಟಿನ ಅಂತಿಮ ತೀರ್ಪು ಬಂತು. ಕಾಂಡ್ಲದ ನಾಶವು ಸಂವಿಧಾನದ 21ನೆಯ ಅನುಚ್ಛೇದ ಕೊಟ್ಟ ಬದುಕುವ ಹಕ್ಕಿಗೇ ಭಂಗವೆಂದೂ, ನಾಶವಾದಲ್ಲಿ ಅದನ್ನು ಪುನಃ ಬೆಳೆಸುವುದು ಸರಕಾರದ ಹೊಣೆಯೆಂದೂ ಅದು ಹೇಳಿತು.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ನಾವಿರುವುದು ಭಾಂಡುಪದಲ್ಲಿ, ಬಾಡಿಗೆಯ ಒಂದೂವರೆ ಕೋಣೆಯಲ್ಲಿ. ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ನನ್ನ ಹೆಂಡತಿ ಪಾತ್ರೆಗಳನ್ನು ಎಣಿಸಿ ನೋಡುತ್ತಾಳೆ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಯ ನೌಕರರು ಸೇರಿ ಒಂದು ಗೃಹನಿರ್ಮಾಣ ಸಹಕಾರಿ ಸಂಘ ಕಟ್ಟಿದೆವು. ಅರುವತ್ತೆರಡು ಮಂದಿ. ನನ್ನ ಮರಾಠಿ ಬರವಣಿಗೆ ಚೆನ್ನಾಗಿದೆಯೆಂದು — 'ಕಾನಡಿಯಾದರೂ' ಎಂಬ ಶರಾ ಸೇರಿಸಿ — ಕಾರ್ಯದರ್ಶಿಯ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಪೂರ್ವದ ಉಪನಗರವೊಂದರಲ್ಲಿ, ಹೆದ್ದಾರಿಯ ಆಚೆಗೆ, ಖಾಡಿಯ ಮಗ್ಗುಲಲ್ಲಿ ಎರಡೂವರೆ ಎಕರೆ ಸರಕಾರಿ ಜಾಗವಿದೆಯೆಂದು ಪತ್ತೆ ಹಚ್ಚಿ ಅರ್ಜಿ ಹಾಕಿದೆವು. ಷೇರಿನ ಹಣ ಕೊಟ್ಟೆವು, ನಕಾಶೆಯ ಹಣ ಕೊಟ್ಟೆವು. ನನ್ನಾಕೆ ಅಡಿಗೆಮನೆಯ ಕಿಟಕಿ ಯಾವ ಕಡೆಗಿರಬೇಕೆಂಬುದನ್ನೂ ನಿಶ್ಚಯಿಸಿದಳು. ಖಾಡಿಯ ಕಡೆಗಿರಲಿ, ಗಾಳಿ ಬರುತ್ತದೆ, ಎಂದಳು.

ಮೋಜಣಿಯವರು ಬಂದು ಅಳೆದರು. ಜಾಗದ ಮೂರರಲ್ಲೊಂದು ಪಾಲು ಕಾಂಡ್ಲದ ನಕಾಶೆಯೊಳಗೆ ಬಂತು. ಅದರ ಅಂಚಿನಿಂದ 50 ಮೀಟರು ಎಳೆದ ಗೆರೆ ಉಳಿದುದನ್ನೂ ನುಂಗಿ, ಮೂಲೆಯಲ್ಲಿ ಒಂದು ಸೈಕಲ್ ಸ್ಟ್ಯಾಂಡಿಗೆ ಆಗುವಷ್ಟು ಜಾಗವನ್ನು ನಮಗೆ ಬಿಟ್ಟಿತು.

ಆ ವಾರದ ಸಭೆಯನ್ನು ನಾನು ಮರೆಯಲಾರೆ. ಊಟದ ಬಿಡುವಿನಲ್ಲಿ ಡಬ್ಬಿಗಳನ್ನು ಮುಚ್ಚಿಟ್ಟು ಎಲ್ಲರೂ ಸೇರಿದ್ದರು. "ಮುಂಬಯಿಯಲ್ಲಿ ಮರಕ್ಕೆ ಜಾಗವುಂಟು, ಹಕ್ಕಿಗೆ ಜಾಗವುಂಟು, ಮೂವತ್ತು ವರ್ಷ ಸರಕಾರದ ಚಾಕರಿ ಮಾಡಿದವನಿಗಿಲ್ಲ" ಎಂದು ಒಬ್ಬರು ಮೇಜು ಗುದ್ದಿದರು. ಈ ಮಾತಿಗೆ ನಗಬಾರದು. ನಮ್ಮ ಹವಾಲ್ದಾರರೊಬ್ಬರು ಸರಕಾರಿ ಕ್ವಾರ್ಟರ್ಸಿನಲ್ಲಿರುವವರು. ನಿವೃತ್ತಿಯಾದ ಮೇಲೆ ಅವರು ಬೀಗದ ಕೈ ಒಪ್ಪಿಸಿ ಹೊರಡಬೇಕು. ಎಲ್ಲಿಗೆಂಬುದೇ ಪ್ರಶ್ನೆ. ಅವರೆದುರು ಕುಳಿತು ನಿಸರ್ಗದ ಮಹಿಮೆ ಹೇಳುವುದಕ್ಕೆ ಗಂಟಲು ಬೇಕು.

ಆಗ ಇನ್ನೊಬ್ಬರು — ಹೆಸರು ಬೇಡ — ದನಿ ತಗ್ಗಿಸಿ ಒಂದು ಉಪಾಯ ಹೇಳಿದರು. ರಾತ್ರಿ ಹತ್ತು ಟ್ರಕ್ಕು ಡೆಬ್ರಿ ಸುರಿಸಿ ಖಾಡಿಯ ಬದಿಗೆ ಒಂದು ಒಡ್ಡು ಕಟ್ಟಿಬಿಟ್ಟರೆ ಭರತಿಯ ನೀರು ಒಳಗೆ ಬರುವುದಿಲ್ಲ. ನೀರು ಬಾರದಿದ್ದರೆ ಎರಡು ವರ್ಷದಲ್ಲಿ ಮರ ತಾನಾಗಿ ಒಣಗುತ್ತದೆ. ಕೊಡಲಿ ಮುಟ್ಟುವ ಕಾರಣವೇ ಇಲ್ಲ. ಒಣಗಿದ ಮೇಲೆ ಹೊಸದಾಗಿ ಮೋಜಣಿಗೆ ಅರ್ಜಿ ಹಾಕೋಣ. ಇದು ಅವರ ತಲೆಯಿಂದ ಹುಟ್ಟಿದ ಉಪಾಯವೇನೂ ಅಲ್ಲ. ಈ ಊರಿನಲ್ಲಿ ಕಾಂಡ್ಲ ಸತ್ತಿರುವುದು ಬಹಳ ಕಡೆ ಹೀಗೆಯೇ. ಕೋಣೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದೊಂದೇ ಇತ್ತು. ಬೇಡವೆಂದು ಥಟ್ಟನೆ ಹೇಳಿದವರು ಯಾರೂ ಇಲ್ಲವೆಂಬುದನ್ನು ನಾನು ಗಮನಿಸಿದೆ.

ಕಾರ್ಯದರ್ಶಿಯ ನೆಲೆಯಲ್ಲಿ ನಾನು ಎದ್ದು ನಿಂತು ನೀತಿಯ ಮಾತನ್ನೇನೂ ಆಡಲಿಲ್ಲ, ಕಡತ ಬಿಚ್ಚಿದೆ. ಉಪಗ್ರಹದ ಚಿತ್ರದಲ್ಲಿ ಆ ಮರಗಳಿವೆ. ನಾಳೆ ಮರ ಸತ್ತರೂ ಚಿತ್ರ ಸಾಯುವುದಿಲ್ಲ. ಸತ್ತ ಜಾಗದಲ್ಲಿ ಪುನಃ ಬೆಳೆಸಬೇಕೆಂದು 2018ರ ತೀರ್ಪಿನಲ್ಲಿ ಬರೆದಿದೆಯೇ ಹೊರತು, ಮರ ಸತ್ತದ್ದರಿಂದ ನೆಲ ಬಿಡುಗಡೆಯಾಯಿತೆಂದು ಬರೆದಿಲ್ಲ. ಅಂದರೆ ನಾವು ಟ್ರಕ್ಕಿನ ಬಾಡಿಗೆ ಕೊಟ್ಟು, ಅಪರಾಧ ಮಾಡಿ, ಪಡೆಯುವುದು ಸೊನ್ನೆ. "ಕಾಗದವನ್ನು ಅಷ್ಟು ನಂಬುತ್ತೀರಾ?" ಎಂದು ಆ ಮಹನೀಯರು ಕೇಳಿದರು. ಹವಾಲ್ದಾರರು ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಅವರು ರಾಯಗಡ ಜಿಲ್ಲೆಯ ಪೇಣದ ಕಡೆಯವರು. ಅಲ್ಲಿ ಖಾಡಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಪದ್ಧತಿಯುಂಟು, ಒಡ್ಡು ಒಡೆದು ಗದ್ದೆಗೆ ಉಪ್ಪುನೀರು ನುಗ್ಗುವುದೂ ಉಂಟು. "ಕಾಗದದ ಮಾತಿರಲಿ, ಪ್ರಾವಿಡೆಂಟ್ ಫಂಡಿನ ದುಡ್ಡನ್ನೆಲ್ಲ ಸುರಿದು ಭರತಿಯ ಹಾದಿಯಲ್ಲಿ ಮನೆ ಕಟ್ಟುವಷ್ಟು ಮರುಳ ನಾನಲ್ಲ. ನಮ್ಮೂರ ಗದ್ದೆ ಹೋದದ್ದನ್ನು ಕಂಡವನು" ಎಂದರು. ಸಭೆಯ ಗಾಳಿ ತಿರುಗಿದ್ದು ಈ ಮಾತಿನಿಂದಲೇ ಹೊರತು ನನ್ನ ಕಡತದಿಂದಲ್ಲ. 'ಸದರಿ ಜಾಗೆಯ ಬೇಡಿಕೆಯನ್ನು ಹಿಂದಕ್ಕೆ ಪಡೆಯತಕ್ಕದ್ದೆಂದು ಬಹುಮತದಿಂದ ಠರಾವಾಯಿತು' ಎಂದು ನಾನು ನಡಾವಳಿಯಲ್ಲಿ ಬರೆದುಕೊಂಡೆ.

ಅದಾದ ಬಳಿಕ ನಾವು ಬದಲಾಪುರದಾಚೆಗೆ ಅರ್ಜಿ ಹಾಕಿದ್ದೇವೆ. ಸಿಕ್ಕಿದರೆ ಹೋಗಲು ಎರಡು ತಾಸು, ಬರಲು ಎರಡು ತಾಸು. ಇದರಿಂದ ನನಗೆ ಸಂತೋಷವಾಗಿದೆ ಎಂದು ಬರೆದರೆ ನನ್ನಾಕೆ ಈ ಸಂಚಿಕೆಯನ್ನು ನನ್ನ ತಲೆಯ ಮೇಲೆಯೇ ಕುಟ್ಟಿಯಾಳು. ಹವಾಲ್ದಾರರು ಬರುವ ಮಾರ್ಚಿಯಲ್ಲಿ ನಿವೃತ್ತರಾಗುತ್ತಾರೆ. ಡೊಂಬಿವಲಿಯಲ್ಲಿ ಮಗನ ಬಾಡಿಗೆ ಮನೆಯ ನಡುಕೋಣೆಯಲ್ಲಿ ಅವರ ಟ್ರಂಕಿಗೆ ಜಾಗ ಮಾಡಿದ್ದಾರಂತೆ.

ಆದರೂ ಆ ಎರಡೂವರೆ ಎಕರೆಯ ಮೇಲೆ ನನಗೊಂದು ಬಗೆಯ ಸಲಿಗೆ ಬೆಳೆದುಬಿಟ್ಟಿದೆ. ಸಿಗದೆ ಹೋದ ಹೆಣ್ಣಿನ ಮದುವೆಯಾದ ಮನೆಯನ್ನು ಹಾದುಹೋಗುವಾಗ ನೋಡುವಂತೆ, ವರ್ಷಕ್ಕೆರಡು ಬಾರಿ ಆ ಕಡೆ ಹೋಗಿ ನೋಡುತ್ತೇನೆ. ಅಲ್ಲೇ ದೋಣಿ ಕಟ್ಟುವ ಕೋಳಿ ಹಿರಿಯರೊಬ್ಬರ ಪರಿಚಯವಾಗಿದೆ. ನಮ್ಮ ಜಾಗದ ದಕ್ಷಿಣದ ಅಂಚಿನಲ್ಲಿ ಹಿಂದೆಂದೋ ಯಾರೋ ಸುರಿದ ಡೆಬ್ರಿಯ ದಿಬ್ಬವೊಂದಿತ್ತು. ಅದರ ಹಿಂದಿನ ಮರಗಳು ನೀರಿಲ್ಲದೆ ಒಣಗಿ ಬೆಳ್ಳಗಾಗಿ ನಿಂತಿದ್ದವು. ಅರಣ್ಯ ಇಲಾಖೆಯವರು ಬಂದು ಆ ದಿಬ್ಬವನ್ನು ಎರಡು ಕಡೆ ಕಡಿದು, ಭರತಿಯ ನೀರು ಒಳಹೋಗಲು ಕಿರುಗಾಲುವೆ ತೋಡಿದರು. ಗಿಡವನ್ನೂ ನೆಟ್ಟರು, ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿ ತಂದದ್ದು. ಹಿರಿಯರು ನನ್ನನ್ನು ಕರೆದೊಯ್ದು ತೋರಿಸಿದರು: ನೆಟ್ಟ ಸಾಲಿನ ಗಿಡಗಳಿಗಿಂತ, ಸಾಲು ತಪ್ಪಿ ಎಲ್ಲೆಂದರಲ್ಲಿ ಎದ್ದ ಗಿಡಗಳೇ ಹೆಚ್ಚು. ಮಳೆಗಾಲದಲ್ಲಿ ತಿವರದ ಬೀಜ ಕಳಚಿ ನೀರಿನಲ್ಲಿ ತೇಲಿ ಬರುತ್ತದೆ, ಎಡೆ ಸಿಕ್ಕಿದ ಕೆಸರಿಗೆ ಕಚ್ಚಿಕೊಳ್ಳುತ್ತದೆ. "ನೆಡುವುದು ಫೋಟೋಕ್ಕೆ ಸಾಹೇಬ, ನೀರಿಗೆ ದಾರಿ ಕೊಟ್ಟರೆ ಸಾಕು" ಎಂದರು ಅವರು. ಇದು ಸ್ವಲ್ಪ ಅತಿಯಾಯಿತು. ಕೆಲವು ಕಡೆ ನೆಡಲೇಬೇಕಾಗುತ್ತದೆ. ಆದರೆ ಬೆಟ್ಟದ ಕಾಡನ್ನು ಕಳೆದುಕೊಂಡರೆ ಮರಳಿ ಪಡೆಯಲು ಮೂರು ತಲೆಮಾರು ಬೇಕು. ಈ ಕೆಸರಿನ ಕಾಡು ಮಾತ್ರ ನಾವು ಅಡ್ಡ ಇಟ್ಟುದನ್ನು ತೆಗೆದರೆ ಕೆಲವೇ ವರ್ಷಗಳಲ್ಲಿ ಮರಳುತ್ತದೆ. ಇಷ್ಟು ಬೇಗ ಕ್ಷಮಿಸುವ ಕಾಡು ಬೇರೊಂದನ್ನು ನಾನು ಕಾಣೆ.

ಭಾರತೀಯ ಅರಣ್ಯ ಸರ್ವೇಕ್ಷಣೆಯ 2015ರ ವರದಿಯಲ್ಲಿ ಮಹಾರಾಷ್ಟ್ರದ ಕಾಂಡ್ಲ 222 ಚದರ ಕಿಲೋಮೀಟರು. 2017ರ ವರದಿಯಲ್ಲಿ 304. ಎರಡೇ ವರ್ಷದಲ್ಲಿ ಅಷ್ಟು ಮರ ಬೆಳೆಯಲು ಅದೇನು ಕೊತ್ತಂಬರಿ ಸೊಪ್ಪಲ್ಲ. ಎಣಿಕೆ ಸೂಕ್ಷ್ಮವಾದದ್ದೂ ಅದರಲ್ಲಿ ಸೇರಿದೆ. ಆದರೆ ಎಣಿಕೆಗೆ ಸಿಕ್ಕುವುದೂ ಒಂದು ರಕ್ಷಣೆಯೇ ಎಂಬ ನನ್ನ ಕಾರಕೂನಿ ವೇದಾಂತವನ್ನು ಮೇಲೆಯೇ ಹೇಳಿದ್ದೇನೆ.

ಆ ವೇದಾಂತಕ್ಕೊಂದು ತೊಡಕೂ ಇದೆ. ಕಾಗದದಿಂದ ಉಳಿದುದನ್ನು ಕಾಗದದಿಂದಲೇ ತೆಗೆಯಬಹುದು. ಸಾರ್ವಜನಿಕ ಹಿತವಿದ್ದಲ್ಲಿ ಹೈಕೋರ್ಟಿನ ಅಪ್ಪಣೆ ಪಡೆದು ಕಡಿಯಬಹುದೆಂದು ಇದೇ ತೀರ್ಪು ಬಾಗಿಲು ಬಿಟ್ಟಿದೆ. ಅಹಮದಾಬಾದಿನ ಬುಲೆಟ್ ರೈಲಿಗಾಗಿ ಮುಂಬಯಿ, ಠಾಣೆ, ಪಾಲಘರ ಸೇರಿ ಸುಮಾರು 22,000 ಕಾಂಡ್ಲದ ಮರಗಳನ್ನು ಕಡಿಯಲು 2022ರ ಡಿಸೆಂಬರಿನಲ್ಲಿ ಅನುಮತಿ ದೊರೆಯಿತು. ಒಂದಕ್ಕೆ ಐದರಂತೆ ನೆಟ್ಟುಕೊಡುತ್ತೇವೆಂದು ರೈಲಿನವರು ಹೇಳಿದ್ದಾರೆ. ಮೊದಲು ಕೇಳಿದ ಸಂಖ್ಯೆ ಐವತ್ತು ಸಾವಿರವಿತ್ತು. ಅದು ಅರ್ಧಕ್ಕಿಂತ ಕೆಳಗಿಳಿದದ್ದು ಕೋರ್ಟಿನ ಮೆಟ್ಟಲು ಹತ್ತಬೇಕಾಗಿ ಬಂದುದರಿಂದ ಎಂದು ನನ್ನ ಎಣಿಕೆ. ಆದರೆ ಅರುವತ್ತೆರಡು ಕಾರಕೂನರಿಗೆ ಐವತ್ತು ಮೀಟರಿನ ಗೆರೆ ಅಲುಗಲಿಲ್ಲವೆಂದ ಮೇಲೆ, ಆ ಗೆರೆ ದೊಡ್ಡವರಿಗೆ ಎಷ್ಟು ಸಲ ಅಲುಗುತ್ತದೆಂಬುದನ್ನು ನಾನು ಬೆರಳು ಮಡಚಿ ಎಣಿಸುತ್ತಿರುತ್ತೇನೆ. ಇದನ್ನು ಹೊಟ್ಟೆಕಿಚ್ಚೆಂದರೂ ಸರಿಯೇ.

ಇನ್ನು ಹಕ್ಕಿಗಳ ಮಾತು. ಅದಿಲ್ಲದಿದ್ದರೆ ಮಕ್ಕಳು ಈ ಪುಟವನ್ನು ಮಗುಚುತ್ತಾರೆ. ಠಾಣೆ ಖಾಡಿಯ ಸುಮಾರು 1,690 ಹೆಕ್ಟೇರನ್ನು 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವೆಂದು ಸಾರಿದರು. ಅದರಲ್ಲಿ 896 ಹೆಕ್ಟೇರು ಕಾಂಡ್ಲ, ಉಳಿದುದು ನೀರು. 2022ರಲ್ಲಿ ಅದು ರಾಮ್‌ಸಾರ್ ಪಟ್ಟಿಗೂ ಸೇರಿ ಲೋಕಮಾನ್ಯವಾಯಿತು. ಗುಲಾಬಿ ಬಣ್ಣದ ಈ ಉದ್ದಕಾಲಿನ ಹಕ್ಕಿಗಳು ಗುಜರಾತಿನ ಕಡೆಯಿಂದ ಬಂದು, ಮಳೆಗಾಲ ಹತ್ತಿರವಾಗುವ ತನಕ ಇಲ್ಲಿನ ಕೆಸರಿನಲ್ಲಿ ಮೇಯುತ್ತವೆ. ಲಕ್ಷ ಮೀರಿ ಬಂದ ವರ್ಷಗಳೂ ಇವೆ. ಹೊನ್ನಿನ ಬಣ್ಣದ ನರಿಗಳೂ ಈ ಕಾಂಡ್ಲದಲ್ಲಿವೆ. ವಿಕ್ರೋಳಿಯ ಕನ್ನಮವಾರ ನಗರದ ಕಡೆ ಕೆಲವೊಮ್ಮೆ ರಸ್ತೆಗೂ ಬಂದಿವೆ. ಬೆಳಗಾಗೆದ್ದು ನರಿಯ ಮುಖ ನೋಡಿದವನಿಗೆ ಅದೃಷ್ಟ ಎನ್ನುತ್ತಾರಷ್ಟೆ ನಮ್ಮಲ್ಲಿ. ಮುಂಬಯಿಯಲ್ಲಿ ಆ ಯೋಗ ವಿಕ್ರೋಳಿಯವರಿಗೆ ಮಾತ್ರ.

ಹಕ್ಕಿ ನೋಡುವ ಮನಸ್ಸಿದ್ದವರು ಐರೋಳಿಗೆ ಹೋಗಬೇಕು. ಅಲ್ಲಿ ಅರಣ್ಯ ಇಲಾಖೆಯ ಕೇಂದ್ರವಿದೆ, ದೋಣಿಯಲ್ಲಿ ಖಾಡಿಯೊಳಕ್ಕೆ ಕರೆದೊಯ್ಯುತ್ತಾರೆ. ಕಳೆದ ಚಳಿಗಾಲದಲ್ಲಿ ನಾವು ಮೂವರೂ ಹೋಗಿದ್ದೆವು. ಕಾಂಡ್ಲದ ಗೋಡೆಯ ಮರೆಯಿಂದ ದೋಣಿ ಹೊರಬಿದ್ದಾಗ ನೀರಿನಂಚು ಉದ್ದಕ್ಕೂ ಗುಲಾಬಿಯಾಗಿತ್ತು. ಮಗಳು ಎಣಿಸಲು ತೊಡಗಿ ಮುನ್ನೂರಕ್ಕೆ ಬಿಟ್ಟಳು. ನನ್ನಾಕೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ದಡದ ಕಡೆ ಕೈ ಮಾಡಿ, ನಮ್ಮ ಕಿಟಕಿ ಅಲ್ಲೆಲ್ಲೋ ಬರುತ್ತಿತ್ತು ಅಲ್ಲವೇ, ಎಂದು ಕೇಳಿದಳು. ಹೌದೆಂದೆ.

ಹೋಗುವವರು ಟೊಪ್ಪಿಗೆ, ಕುಡಿಯುವ ನೀರು ಒಯ್ಯಬೇಕು. ಕೆಂಪು ಬಟ್ಟೆ ಬೇಡ. ಹೊರಡುವ ಮೊದಲು ಭರತಿಯ ವೇಳೆಯನ್ನು ವಿಚಾರಿಸಿಕೊಳ್ಳುವುದು ಮುಖ್ಯ, ಏಕೆಂದರೆ ನೀರಿದ್ದಾಗ ಮಾತ್ರ ದೋಣಿ ಹೊರಡುತ್ತದೆ. ಅದು ಲೋಕಲ್ ಗಾಡಿಯಲ್ಲ. ತಪ್ಪಿದರೆ ಇನ್ನೊಂದು ನಾಲ್ಕು ನಿಮಿಷಕ್ಕೆ ಬರುವುದಿಲ್ಲ.